ಇಂಧನ ಉಳಿಯಿತು, ನಾಕ್ಸ್ ಏಕೆ ಏರಿತು? ಹೈಬ್ರಿಡ್ ಮತ್ತು ಡೀಸೆಲ್ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡೀಸೆಲ್ ಹೈಬ್ರಿಡ್ ಕಾರಿನ ಸಿಮ್ಯುಲೇಶನ್ ನನ್ನ ಎಂ.ಟೆಕ್. ಪ್ರಾಜೆಕ್ಟ್. ಇಂಧನ ಆದಷ್ಟು ಕಡಿಮೆ ಖರ್ಚಾಗುವಂತೆ ಕಂಟ್ರೋಲರ್ ಹೊಂದಿಸಿದೆ. ಇಂಧನವೇನೋ ಇಳಿಯಿತು, ಆದರೆ ಹೊಗೆಕೊಳವೆಯ ತುದಿಯಲ್ಲಿ ನಾಕ್ಸ್ (ಸಾರಜನಕದ ಆಕ್ಸೈಡ್‌ಗಳು) ಏರಿತು. ಎಂಜಿನ್ ಓಡುವ ಹೊತ್ತೇ ಕಡಿಮೆಯಾದಾಗ ಮಾಲಿನ್ಯವೂ ಇಳಿಯಬೇಕಲ್ಲವೇ? ಮಾಡೆಲ್‌ನಲ್ಲಿ ಎಲ್ಲಿ ತಪ್ಪಿದೆ?

ಉತ್ತರ: ಮಾಡೆಲ್ ಸರಿಯಾಗಿದೆ ಎಂದೇ ನನಗನ್ನಿಸುತ್ತದೆ. ಕಂಟ್ರೋಲರ್‌ನಿಂದ ನೀವು ಕೇಳಿದ್ದು ಇಂಧನದ ಉಳಿತಾಯ ಮಾತ್ರ, ಅದು ಅಷ್ಟನ್ನು ಮಾಡಿಕೊಟ್ಟಿದೆ.

ಮೊದಲು ಸಿಲಿಂಡರ್ ಒಳಗೆ ನೋಡೋಣ. ದಹನದ ತಾಪ ಸುಮಾರು 1800 ಕೆಲ್ವಿನ್ ದಾಟಿದ ಮೇಲೆ ಗಾಳಿಯಲ್ಲಿರುವ ಸಾರಜನಕ ಆಮ್ಲಜನಕದ ಜೊತೆ ಸೇರಿ ನಾಕ್ಸ್ ಆಗತೊಡಗುತ್ತದೆ. ಅಲ್ಲಿಂದಾಚೆ ತಾಪ ತುಸು ಏರಿದರೂ ನಾಕ್ಸ್ ಪ್ರಮಾಣ ಬಹಳವೇ ಏರುತ್ತದೆ. ಇಂಧನದ ದೃಷ್ಟಿಯಿಂದ ಚೆನ್ನಾಗಿರುವ ಬಿಂದುಗಳು ಸಾಮಾನ್ಯವಾಗಿ ಹೆಚ್ಚು ಲೋಡ್‌ನಲ್ಲಿರುತ್ತವೆ. ಅಲ್ಲಿ ದಹನದ ತಾಪ ಹೆಚ್ಚು. ಸುಟ್ಟ ಅನಿಲದ ಒಂದು ಪಾಲನ್ನು ಮತ್ತೆ ಒಳಗೆ ಕಳಿಸಿ ತಾಪ ಇಳಿಸುವ ಇಜಿಆರ್‌ಗೆ ಅವಕಾಶವೂ ಅಲ್ಲಿ ಕಡಿಮೆ, ಏಕೆಂದರೆ ಆಮ್ಲಜನಕ ಕೊರತೆಯಾದರೆ ಮಸಿ ಹೆಚ್ಚುತ್ತದೆ. ನಿಮ್ಮ ಕಂಟ್ರೋಲರ್ ಎಂಜಿನ್ನನ್ನು ನಿಲ್ಲಿಸುತ್ತದೆ, ಓಡಿಸುವಾಗ ಇಂಥ ಬಿಂದುಗಳಲ್ಲೇ ಓಡಿಸುತ್ತದೆ.

ಇನ್ನೂ ದೊಡ್ಡ ಕಾರಣ ಎಂಜಿನ್ನಿನ ಹೊರಗಿದೆ. ಯೂರಿಯಾ ದ್ರಾವಣದಿಂದ ಬರುವ ಅಮೋನಿಯಾ ಬಳಸಿ ನಾಕ್ಸನ್ನು ಸಾರಜನಕ ಮತ್ತು ನೀರಾಗಿ ಬದಲಿಸುವ ಎಸ್‌ಸಿಆರ್ ಕ್ಯಾಟಲಿಸ್ಟ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಂಕಾಗಿಬಿಡುತ್ತದೆ. ಅಷ್ಟು ತಣ್ಣಗಿರುವಾಗ ಯೂರಿಯಾ ಚಿಮ್ಮಿಸುವಂತೆಯೂ ಇಲ್ಲ. ಅದು ಪೂರ್ತಿ ಒಡೆಯದೆ ಕೊಳವೆಯಲ್ಲಿ ಗಟ್ಟಿಕಟ್ಟುತ್ತದೆ. ಎಂಜಿನ್ ನಿಂತಷ್ಟು ಹೊತ್ತು ಕ್ಯಾಟಲಿಸ್ಟ್ ತಣಿಯುತ್ತಿರುತ್ತದೆ. ಮತ್ತೆ ಸ್ಟಾರ್ಟ್ ಆದಾಗ ಇಂಧನ ಚಿಮ್ಮುವ ಮೊದಲೇ ಮೋಟಾರ್ ಎಂಜಿನ್ನನ್ನು ತಿರುಗಿಸಿದರೆ ತಣ್ಣನೆಯ ಗಾಳಿ ಅದರ ಮೂಲಕ ಹಾದುಹೋಗಿ ಇನ್ನಷ್ಟು ತಣಿಸುತ್ತದೆ. ಆ ಕ್ಷಣದಲ್ಲಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡ್‌ನ ತುಂಬ ತಾಜಾ ಗಾಳಿಯೇ ಇರುವುದರಿಂದ ಇಜಿಆರ್‌ನ ನೆರವೂ ಸಿಗುವುದಿಲ್ಲ. ಎಂಜಿನ್ ಅತಿ ಹೆಚ್ಚು ನಾಕ್ಸ್ ಉಗುಳುವ ಹೊತ್ತು, ಕ್ಯಾಟಲಿಸ್ಟ್ ಅತಿ ಕಡಿಮೆ ಕೆಲಸ ಮಾಡುವ ಹೊತ್ತು, ಎರಡೂ ಕೂಡಿಬರುತ್ತವೆ.

ಈಗ ನಿಮ್ಮ ಮಾಡೆಲ್‌ನ ರಚನೆಗೆ ಬರೋಣ. ಹಿಂದೆ ನಡೆದದ್ದರ ಜ್ಞಾಪಕ ಯಾವುದಕ್ಕೆಲ್ಲ ಇದೆಯೋ ಅದೆಲ್ಲ ಮಾಡೆಲ್‌ನಲ್ಲಿ ಸ್ಥಿತಿ-ಚರವಾಗಿ ಇರಲೇಬೇಕು. ಹೈಬ್ರಿಡ್ ಕುರಿತ ಬಹುಪಾಲು ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಒಂದೇ ಸ್ಥಿತಿ-ಚರ ಕಾಣುತ್ತದೆ, ಬ್ಯಾಟರಿಯ ಚಾರ್ಜ್ ಮಟ್ಟ. ಪೆಟ್ರೋಲ್ ಹೈಬ್ರಿಡ್‌ನ ಇಂಧನ ಲೆಕ್ಕಕ್ಕೆ ಅದು ಹೆಚ್ಚುಕಡಿಮೆ ಸಾಕು. ಡೀಸೆಲ್‌ಗೆ ಕ್ಯಾಟಲಿಸ್ಟ್‌ನ ತಾಪ ಎರಡನೆಯ ಸ್ಥಿತಿ-ಚರವಾಗಿ ಬೇಕೇ ಬೇಕು. ಅದನ್ನು ಬರೆಯುವುದು ಕಷ್ಟವಲ್ಲ: ಹೊಗೆಯೊಂದಿಗೆ ಒಳಬರುವ ಶಾಖ, ಸುತ್ತಲಿನ ಗಾಳಿಗೆ ಸೋರುವ ಶಾಖ, ಇವೆರಡರ ವ್ಯತ್ಯಾಸವನ್ನು ಕ್ಯಾಟಲಿಸ್ಟ್‌ನ ಶಾಖಧಾರಣೆಯಿಂದ ಭಾಗಿಸಿದರೆ ತಾಪ ಬದಲಾಗುವ ದರ ಸಿಗುತ್ತದೆ. ಮೊದಲ ಹಂತಕ್ಕೆ ಈ ಒಂದೇ ಸಮೀಕರಣ ಸಾಕು.

ಆಮೇಲೆ ವೆಚ್ಚದ ಸೂತ್ರವನ್ನು ಬದಲಿಸಿ. ಇಂಧನದ ಜೊತೆ ಹೊಗೆಕೊಳವೆಯ ತುದಿಯ ನಾಕ್ಸ್‌ಗೂ ಒಂದು ತೂಕ ಕೊಡಿ. ಎಂಜಿನ್ನಿನಿಂದ ಹೊರಬಿದ್ದ ನಾಕ್ಸ್‌ಗೆ ಕೊಟ್ಟರೆ ಕ್ಯಾಟಲಿಸ್ಟ್‌ನ ಕಥೆಯೇ ತಪ್ಪಿಹೋಗುತ್ತದೆ. ಆಗ ತಾಪಕ್ಕೂ ಒಂದು ಬೆಲೆ ತಾನಾಗಿ ಹುಟ್ಟುವುದನ್ನು ಕಾಣುತ್ತೀರಿ. 190 ಡಿಗ್ರಿಯಲ್ಲಿರುವ ಕ್ಯಾಟಲಿಸ್ಟ್‌ಗೆ ಇನ್ನೊಂದು ಡಿಗ್ರಿ ಬಹಳ ಮುಖ್ಯ. 350ರಲ್ಲಿರುವಾಗ ಅದರ ಬೆಲೆ ಸೊನ್ನೆಗೆ ಹತ್ತಿರ. ಹೀಗೆ ಕಲಿತ ಕಂಟ್ರೋಲರ್ ಪಯಣದ ಆರಂಭದಲ್ಲಿ ಎಂಜಿನ್ನನ್ನು ಬೇಗ ನಿಲ್ಲಿಸುವುದಿಲ್ಲ, ಬಿಸಿಯಾದ ಮೇಲೆ ನಿಲುಗಡೆಗಳನ್ನು ಧಾರಾಳವಾಗಿ ಬಳಸುತ್ತದೆ. ಇಂಧನ ತುಸು ಹೆಚ್ಚು ಖರ್ಚಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಕೊಡಬೇಕಾದ ಬೆಲೆಯೇ, ಆ ಇಂಧನವನ್ನು ಉಳಿಸಿದರೆ ಅದರ ಬೆಲೆ ಜನರ ಶ್ವಾಸಕೋಶದಲ್ಲಿ ಪಾವತಿಯಾಗುತ್ತಿರುತ್ತದೆ.

ವಿದ್ಯುತ್ ಹೀಟರ್ ಇದ್ದರೆ ಇನ್ನೊಂದು ದಾರಿ ತೆರೆಯುತ್ತದೆ. ಸೆಕೆಂಡಿಗೆ 20 ಗ್ರಾಂ ಹರಿಯುವ ಹೊಗೆಯನ್ನು 4 ಕಿಲೋವ್ಯಾಟ್ ಹೀಟರ್ ಸುಮಾರು 190 ಡಿಗ್ರಿಯಷ್ಟು ಬಿಸಿ ಮಾಡಬಲ್ಲದು. ಒಂದು ನಿಮಿಷಕ್ಕೆ ಬೇಕಾದದ್ದು 240 ಕಿಲೋಜೂಲ್. 1500 ಕಿಲೋಗ್ರಾಂ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 145 ಕಿಲೋಜೂಲ್. ಬ್ರೇಕ್ ಹಾಕಿದಾಗ ಅದರ ಅರ್ಧದಷ್ಟು ಹಿಂದಕ್ಕೆ ಸಿಕ್ಕರೂ ಮೂರು ನಾಲ್ಕು ನಿಲುಗಡೆಗಳಲ್ಲಿ ಹೀಟರಿನ ಒಂದು ನಿಮಿಷದ ಖರ್ಚು ಹುಟ್ಟುತ್ತದೆ. ಬ್ಯಾಟರಿ ತುಂಬಿದ್ದು ಬ್ರೇಕಿನ ಶಕ್ತಿಯನ್ನು ಇಡಲು ಜಾಗವಿಲ್ಲದಾಗ ಹೀಟರೇ ಆ ಜಾಗ, ಹೊಗೆ ಹರಿಯುತ್ತಿರಬೇಕು ಅಷ್ಟೇ.

ಅಮೋನಿಯಾ ವಿಷಯವನ್ನೂ ಮರೆಯಬೇಡಿ. ಕ್ಯಾಟಲಿಸ್ಟ್ ತಣ್ಣಗಿದ್ದಾಗ ಹೆಚ್ಚು ಅಮೋನಿಯಾ ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಯಾದಂತೆ ಆ ಸಾಮರ್ಥ್ಯ ಕುಗ್ಗುತ್ತದೆ. ಹೈಬ್ರಿಡ್ ಕಂಟ್ರೋಲರ್ ಒಮ್ಮೆಲೇ ಎಂಜಿನ್ನಿಗೆ ಹೆಚ್ಚು ಲೋಡ್ ಹೇರಿದರೆ ಹಿಡಿದಿಟ್ಟ ಅಮೋನಿಯಾ ಹೊರಗೆ ಸೋರುತ್ತದೆ. ನಾಕ್ಸ್ ಸೆನ್ಸರ್ ಅಮೋನಿಯಾವನ್ನೂ ನಾಕ್ಸ್ ಎಂದೇ ಓದುತ್ತದೆ. ಸೆನ್ಸರ್ ಹೇಳಿದ್ದನ್ನು ನಂಬಿ ಯೂರಿಯಾ ಹೆಚ್ಚಿಸುವ ಸರಳ ಕಂಟ್ರೋಲರ್ ಸೋರಿಕೆಯನ್ನೇ ಬೆಳೆಸುತ್ತದೆ. ಎಂಜಿನ್ ಲೋಡ್ ಏರಲಿದೆ ಎಂಬ ಸುದ್ದಿ ಹೈಬ್ರಿಡ್ ಕಂಟ್ರೋಲರ್‌ಗೆ ಮೊದಲೇ ಗೊತ್ತಿರುತ್ತದಲ್ಲ, ಅದನ್ನು ಯೂರಿಯಾ ಕಂಟ್ರೋಲರ್‌ಗೂ ತಿಳಿಸುವಂತೆ ಮಾಡಿ. ನಿಮ್ಮ ಪ್ರಬಂಧದ ಒಂದು ಅಧ್ಯಾಯಕ್ಕೆ ಇದೇ ಸಾಕಾದೀತು.

ಪ್ರಶ್ನೆ: ಇಸಿಎಂಎಸ್ ವಿಧಾನದಲ್ಲಿ (ಬ್ಯಾಟರಿಯ ಶಕ್ತಿಯನ್ನೂ ಇಂಧನದ ಲೆಕ್ಕಕ್ಕೆ ತಂದು ಪ್ರತಿ ಕ್ಷಣ ಒಟ್ಟು ಖರ್ಚನ್ನು ಇಳಿಸುವ ವಿಧಾನ) ಸಮಾನತಾ ಗುಣಾಂಕವನ್ನು ಎಷ್ಟು ಇಡಬೇಕು? ಪ್ರತಿ ಡ್ರೈವಿಂಗ್ ಸೈಕಲ್‌ಗೂ (ಪರೀಕ್ಷೆಗೆ ನಿಗದಿಪಡಿಸಿದ ವೇಗದ ಪಟ್ಟಿ) ಬೇರೆ ಬೇರೆ ಬೆಲೆ ಸರಿಹೊಂದುತ್ತಿದೆ.

ಉತ್ತರ: ಬ್ಯಾಟರಿಯಿಂದ ತೆಗೆದ ಶಕ್ತಿ ಸಾಲದ ಹಾಗೆ, ಮುಂದೆ ಇಂಧನ ಸುಟ್ಟು ತೀರಿಸಬೇಕು. ಗುಣಾಂಕ ಎಂದರೆ ಆ ಸಾಲದ ದರ. ಎಂಜಿನ್ನಿನ ದಕ್ಷತೆ ಶೇ 38, ಜನರೇಟರಿನಿಂದ ಬ್ಯಾಟರಿಗೆ ಹೋಗುವ ದಾರಿಯದು ಶೇ 88 ಎಂದುಕೊಂಡರೆ ಒಟ್ಟು ಶೇ 33ರಷ್ಟಾಗುತ್ತದೆ. ಒಂದು ಪಾಲು ವಿದ್ಯುತ್ತಿಗೆ ಸುಮಾರು 3 ಪಾಲು ಇಂಧನ. ಹಾಗಾಗಿ 3ರ ಆಸುಪಾಸಿನಿಂದ ಆರಂಭಿಸಿ.

ಬೆಲೆ ಸೈಕಲ್‌ನಿಂದ ಸೈಕಲ್‌ಗೆ ಬದಲಾಗುವುದು ಸಹಜ. ಇಳಿಜಾರು, ನಿಲುಗಡೆ ಹೆಚ್ಚಿದ್ದರೆ ಬ್ರೇಕಿನಿಂದ ಪುಕ್ಕಟೆ ಶಕ್ತಿ ಬರುತ್ತದೆ, ದರ ಇಳಿಯುತ್ತದೆ. ಅತ್ಯುತ್ತಮ ನಿಯಂತ್ರಣವನ್ನು ಕಂಡುಹಿಡಿಯಲು 1950ರ ದಶಕದಲ್ಲಿ ರೂಪುಗೊಂಡ ಪೊಂಟ್ರ್ಯಾಗಿನ್ ತತ್ವದ ಪ್ರಕಾರ ನೋಡಿದರೆ ಈ ಗುಣಾಂಕ ಬ್ಯಾಟರಿ ಸ್ಥಿತಿಯ ಸಹಚರವೇ (ಕೋ-ಸ್ಟೇಟ್), ಅಂದರೆ ಆ ಸ್ಥಿತಿಗೆ ಕಟ್ಟುವ ಬೆಲೆ. ಚಾರ್ಜ್ ಮಟ್ಟದೊಂದಿಗೆ ಬ್ಯಾಟರಿಯ ವೋಲ್ಟೇಜ್ ಹೆಚ್ಚು ಬದಲಾಗದಿದ್ದರೆ, ಒಂದು ಪಯಣದುದ್ದಕ್ಕೂ ಅದು ಬಹುತೇಕ ಸ್ಥಿರವಾಗಿರುತ್ತದೆ. ಆದರೆ ಆ ಸ್ಥಿರ ಸಂಖ್ಯೆ ಯಾವುದೆಂದು ತಿಳಿಯಲು ಇಡೀ ಪಯಣ ಮೊದಲೇ ಗೊತ್ತಿರಬೇಕು. ರಸ್ತೆಯಲ್ಲಿ ಅದು ಸಾಧ್ಯವಿಲ್ಲದ ಕಾರಣ ಚಾರ್ಜ್ ಮಟ್ಟ ಗುರಿಗಿಂತ ಇಳಿದಾಗ ಗುಣಾಂಕವನ್ನು ಸ್ವಲ್ಪ ಏರಿಸಿ, ಏರಿದಾಗ ಇಳಿಸುವ ಹಿಮ್ಮಾಹಿತಿ ಕೊಡಿ. ಈ ತಿದ್ದುಪಡಿ ನಿಧಾನವಾಗಿರಲಿ. ಚುರುಕಾದರೆ ಕಂಟ್ರೋಲರ್ ಚಾರ್ಜ್ ಮಟ್ಟವನ್ನು ಒಂದೇ ಗೆರೆಯಲ್ಲಿ ಹಿಡಿದಿಡಲು ಹೊರಟು ಬ್ಯಾಟರಿ ಇದ್ದೂ ಇಲ್ಲದಂತಾಗುತ್ತದೆ.

ಇಡೀ ಪಯಣ ಮೊದಲೇ ಗೊತ್ತಿದೆ ಎಂದುಕೊಂಡು ಅತ್ಯುತ್ತಮ ದಾರಿ ಹುಡುಕುವ, ಬೆಲ್ಮನ್ ಅವರ ಡೈನಮಿಕ್ ಪ್ರೋಗ್ರಾಮಿಂಗ್ ಫಲಿತಾಂಶವನ್ನು ಪಕ್ಕದಲ್ಲಿಟ್ಟು ಹೋಲಿಸಿ. ಇನ್ನೆಷ್ಟು ಉಳಿಸಬಹುದಿತ್ತು ಎಂಬುದರ ಅಳತೆಗೋಲು ಅದು. ಒಂದು ಎಚ್ಚರಿಕೆ: ಪ್ರತಿ ಸ್ಥಿತಿ-ಚರಕ್ಕೆ 100 ಬಿಂದುಗಳ ಜಾಲ ಹಾಕಿದರೆ ಎರಡು ಚರಗಳಿಗೆ 10,000 ಬಿಂದು, ಮೂರಕ್ಕೆ 10 ಲಕ್ಷ, ಅದೂ ಪಯಣದ ಪ್ರತಿ ಸೆಕೆಂಡಿಗೆ.

ಪ್ರಶ್ನೆ: ಡೀಸೆಲ್ ಎಂಜಿನ್ ಟೆಸ್ಟ್ ಬೆಂಚಿನಲ್ಲಿ ಕೆಲಸ ಮಾಡುತ್ತೇನೆ. ವಿಜಿಟಿ ಟರ್ಬೊದ (ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ರೆಕ್ಕೆಗಳಿರುವ ಟರ್ಬೊ) ರೆಕ್ಕೆಗಳನ್ನು ಮುಚ್ಚಿದರೆ ಗಾಳಿಯ ಹರಿವು ಮೊದಲು ಇಳಿದು ಆಮೇಲೆ ಏರುತ್ತದೆ. ಗುರಿಗೂ ಅಳತೆಗೂ ಇರುವ ವ್ಯತ್ಯಾಸ ನೋಡಿ ತಿದ್ದುವ ಪಿಐಡಿ ಕಂಟ್ರೋಲರ್ ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ತೂಗಾಡುತ್ತದೆ.

ಉತ್ತರ: ನೀವು ಕಂಡದ್ದು ಈ ಎಂಜಿನ್ನುಗಳ ಸ್ವಭಾವ. ರೆಕ್ಕೆ ಮುಚ್ಚಿದ ಕೂಡಲೇ ಎಂಜಿನ್ನಿಗೂ ಟರ್ಬೈನಿಗೂ ನಡುವೆ ಹೊಗೆಯ ಒತ್ತಡ ಏರುತ್ತದೆ, ಆ ಒತ್ತಡ ಸುಟ್ಟ ಅನಿಲವನ್ನು ಇಜಿಆರ್ ದಾರಿಯಲ್ಲಿ ಒಳಗೆ ತಳ್ಳುತ್ತದೆ, ತಾಜಾ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಟರ್ಬೊ ವೇಗ ಹಿಡಿದ ಮೇಲಷ್ಟೇ ಗಾಳಿ ಏರುತ್ತದೆ. ಇಜಿಆರ್ ವಾಲ್ವ್ ಬಹಳ ತೆರೆದಿರುವ ಕೆಲವು ಬಿಂದುಗಳಲ್ಲಿ ಅಂತಿಮ ಫಲಿತಾಂಶದ ಚಿಹ್ನೆಯೇ ತಿರುಗುತ್ತದೆ: ಮುಚ್ಚಿದರೆ ಗಾಳಿ ಕೊನೆಗೂ ಕಡಿಮೆಯೇ. ಚಿಹ್ನೆ ತಿರುಗುವ ಜಾಗದಲ್ಲಿ ಯಾವ ಪಿಐಡಿಯನ್ನು ಎಷ್ಟು ಹೊಂದಿಸಿದರೂ ಪ್ರಯೋಜನವಿಲ್ಲ.

ನಿಯಂತ್ರಿಸುವ ಪ್ರಮಾಣಗಳನ್ನೇ ಬದಲಿಸಿ ನೋಡಿ. ಗಾಳಿಯ ಹರಿವು ಮತ್ತು ಬೂಸ್ಟ್ ಒತ್ತಡದ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ) ಬದಲು ಆಮ್ಲಜನಕ–ಇಂಧನ ಅನುಪಾತ ಮತ್ತು ಇಜಿಆರ್ ಪಾಲನ್ನು ಹಿಡಿಯಿರಿ. ಮೊದಲನೆಯದು ಮಸಿಗೆ, ಎರಡನೆಯದು ನಾಕ್ಸ್‌ಗೆ ನೇರ ಸಂಬಂಧ ಉಳ್ಳದ್ದು. ಅನುಪಾತವನ್ನು ಇಜಿಆರ್ ವಾಲ್ವ್‌ಗೂ ಇಜಿಆರ್ ಪಾಲನ್ನು ವಿಜಿಟಿಗೂ ವಹಿಸುವ ಕ್ರಮವನ್ನು ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ತಂಡ ಬೆಳೆಸಿದೆ. ಎಂಜಿನ್ನಿನ ಪ್ರತಿ ಸುತ್ತಿನ ಏರಿಳಿತ ಬಿಟ್ಟು ಸರಾಸರಿಯನ್ನಷ್ಟೇ ಲೆಕ್ಕ ಹಾಕುವ ಅವರ ಮೀನ್-ವ್ಯಾಲ್ಯೂ ಮಾಡೆಲ್‌ನಲ್ಲಿ ಇರುವುದು ಎಂಟೇ ಸ್ಥಿತಿ-ಚರಗಳು: ಗಾಳಿ ಒಳಬರುವ, ಹೊಗೆ ಹೊರಹೋಗುವ ಎರಡು ಮ್ಯಾನಿಫೋಲ್ಡ್‌ಗಳ ಒತ್ತಡ, ಎರಡರಲ್ಲಿನ ಆಮ್ಲಜನಕದ ಪಾಲು, ಟರ್ಬೊ ವೇಗ, ಉಳಿದ ಮೂರು ವಾಲ್ವ್ ಮತ್ತು ರೆಕ್ಕೆಗಳ ಚಲನೆಗೆ. ಚಿಹ್ನೆ ತಿರುಗುವುದೂ ಸೇರಿ ನಿಮ್ಮ ಬೆಂಚಿನ ವರ್ತನೆಯನ್ನು ತೋರಿಸಲು ಅಷ್ಟು ಸಾಕು.

ನಿಮ್ಮ ಎಂಜಿನ್ ಹೈಬ್ರಿಡ್‌ಗೆ ಹೋಗುವುದಾದರೆ ಈ ಕಷ್ಟದ ಒಂದು ಭಾಗ ಹಗುರವಾಗುತ್ತದೆ. ಟರ್ಬೊ ಏರುವವರೆಗಿನ ಟಾರ್ಕ್ ಕೊರತೆಯನ್ನು ಮೋಟಾರ್ ತುಂಬಿದರೆ ಡೀಸೆಲ್ ನಿಧಾನಕ್ಕೆ ಲೋಡ್ ಏರಿಸಿಕೊಳ್ಳಬಹುದು, ಮಸಿಯ ಆ ಚೂಪಾದ ಏರಿಕೆಗಳು ಇಳಿಯುತ್ತವೆ. ಡೀಸೆಲ್ ಹೈಬ್ರಿಡ್‌ನಲ್ಲಿ ನನಗೆ ತುಂಬ ಮೆಚ್ಚುಗೆಯಾದ ಗುಣ ಇದು.

ಪ್ರಶ್ನೆ: ಡ್ರೈವಿಂಗ್ ಸೈಕಲ್ ಕೊಟ್ಟು ಚಕ್ರದಿಂದ ಎಂಜಿನ್ನಿನೆಡೆಗೆ ಹಿಂದಕ್ಕೆ ಲೆಕ್ಕ ಹಾಕುವ ಮಾಡೆಲ್ ಒಳ್ಳೆಯದೋ, ಚಾಲಕನಿಂದ ಮುಂದಕ್ಕೆ ಹೋಗುವುದೋ?

ಉತ್ತರ: ಯಾವ ತೀರ್ಮಾನಕ್ಕೆ ಬೇಕು ಎಂಬುದರ ಮೇಲೆ. ಮೋಟಾರ್ ಎಷ್ಟು ದೊಡ್ಡದಿರಬೇಕು, ಬ್ಯಾಟರಿ ಎಷ್ಟು ಎನ್ನುವುದಕ್ಕೆ ಹಿಂದಕ್ಕೆ ಹೋಗುವ ಮಾಡೆಲ್ ಸಾಕು, ವೇಗವೂ ಹೆಚ್ಚು. ಟರ್ಬೊದ ತಡ, ಕ್ಲಚ್, ಎಂಜಿನ್ ಸ್ಟಾರ್ಟ್ ಆಗುವ ಹೊತ್ತು ಮುಖ್ಯವಾದರೆ ಮುಂದಕ್ಕೆ ಹೋಗುವುದೇ ಬೇಕು. ಹಿಂದಕ್ಕೆ ಹೋಗುವ ಮಾಡೆಲ್ ಕಾರು ಸೈಕಲ್ಲಿನ ವೇಗವನ್ನು ಮುಟ್ಟಿತೆಂದೇ ಹಿಡಿದು ಹೊರಡುತ್ತದೆ.

ಪ್ರಶ್ನೆ: ಲ್ಯಾಬ್ ಪರೀಕ್ಷೆಯಲ್ಲಿ ಮಿತಿಯೊಳಗಿದ್ದ ಡೀಸೆಲ್ ಕಾರುಗಳು ರಸ್ತೆಯಲ್ಲಿ ಅಷ್ಟೊಂದು ನಾಕ್ಸ್ ಬಿಡುತ್ತಿದ್ದುದು ಹೇಗೆ?

ಉತ್ತರ: ಯುರೋಪಿನ ಹಳೆಯ ಎನ್‌ಇಡಿಸಿ ಸೈಕಲ್ 1180 ಸೆಕೆಂಡುಗಳದ್ದು, ಮೃದುವಾದ ಏರಿಳಿತಗಳದ್ದು. ಅದರ ಆಚೆಗಿನ ಲೋಡ್‌ಗಳಲ್ಲಿ ಇಜಿಆರ್ ಇಳಿಸಿದರೆ ಲ್ಯಾಬಿಗೆ ತಿಳಿಯುತ್ತಿರಲಿಲ್ಲ. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸುವ ಸಾಫ್ಟ್‌ವೇರ್ ಇಟ್ಟದ್ದಕ್ಕೆ ಅಮೆರಿಕದ ಪರಿಸರ ಸಂಸ್ಥೆ 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿತು. ಅದು ಬೇಕೆಂದೇ ಮಾಡಿದ ವಂಚನೆ. 2017ರ ಸೆಪ್ಟೆಂಬರಿನಿಂದ ಯುರೋಪಿನಲ್ಲಿ ಹೊಸ ಮಾದರಿಗಳಿಗೆ 1800 ಸೆಕೆಂಡುಗಳ ಡಬ್ಲ್ಯುಎಲ್‌ಟಿಸಿ ಸೈಕಲ್ ಬಂತು, ಜೊತೆಗೆ ನಿಜವಾದ ರಸ್ತೆಯ ಮೇಲಿನ ಅಳತೆಯೂ. ಯೂರೋ 6 ಡೀಸೆಲ್ ಮಿತಿ ಕಿಲೋಮೀಟರಿಗೆ 80 ಮಿಲಿಗ್ರಾಂ ನಾಕ್ಸ್. ರಸ್ತೆಯಲ್ಲಿ ಆರಂಭಕ್ಕೆ ಅದರ 2.1 ಪಟ್ಟು, ಅಂದರೆ 168ರವರೆಗೆ ಬಿಡಲಾಯಿತು, ಆಮೇಲೆ ಬಿಗಿಯಾಯಿತು.

ಕಂಟ್ರೋಲರ್ ಬರೆಯುವವರು ಉದ್ದೇಶವಿಲ್ಲದೆಯೂ ಇದರ ಸಣ್ಣ ರೂಪಕ್ಕೆ ಬೀಳಬಹುದು. ಒಂದೇ ಸೈಕಲ್‌ಗೆ ಗುಣಾಂಕಗಳನ್ನು ಹೊಂದಿಸುತ್ತ ಹೋದರೆ ಆ ಸೈಕಲ್ಲಿನ ಮಟ್ಟಿಗೆ ಫಲಿತಾಂಶ ಸುಂದರವಾಗುತ್ತದೆ. ಹೊಂದಿಸಲು ಬಳಸದ ಸೈಕಲ್ಲಿನಲ್ಲಿ, ಚಳಿಯ ಸ್ಟಾರ್ಟ್‌ನಲ್ಲಿ, ಏರುದಾರಿಯಲ್ಲಿ ಪರೀಕ್ಷಿಸಿದ ಮೇಲೆಯೇ ಸಂಖ್ಯೆಗಳನ್ನು ಬರೆಯಿರಿ.

ಪ್ರಶ್ನೆ: ಇಷ್ಟೆಲ್ಲ ಸಮೀಕರಣದ ಬದಲು ನ್ಯೂರಲ್ ನೆಟ್‌ವರ್ಕ್ ಕಲಿಸಿದರೆ ಆಗದೇ?

ಉತ್ತರ: ನಾಕ್ಸ್ ಹುಟ್ಟುವ ಪ್ರಮಾಣವನ್ನು ಅಂದಾಜಿಸಲು ಬಳಸಿ, ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಒತ್ತಡ, ತಾಪ, ಟರ್ಬೊ ವೇಗಗಳಿಗೆ ದ್ರವ್ಯ ಮತ್ತು ಶಕ್ತಿಯ ಸಮತೋಲನ ಬರೆದೇ ಬಿಡಿ. ಅವು ನಮಗೆ ಗೊತ್ತಿರುವ ನಿಯಮಗಳು, ಅವನ್ನು ದತ್ತಾಂಶದಿಂದ ಮತ್ತೆ ಕಲಿಸಲು ಟೆಸ್ಟ್ ಬೆಂಚಿನ ಹೊತ್ತು ಕಳೆಯಬೇಕಿಲ್ಲ. ಕಲಿಸುವ ದತ್ತಾಂಶದಲ್ಲಿ ತಣ್ಣನೆಯ ಎಂಜಿನ್ನಿನ ಸ್ಟಾರ್ಟ್‌ಗಳು ಸಾಕಷ್ಟಿರಲಿ. ಬಿಸಿ ಎಂಜಿನ್ನಿನಲ್ಲಿ ಕಲಿತ ನೆಟ್‌ವರ್ಕ್ ಮೊದಲ ನಿಮಿಷಗಳಲ್ಲೇ ಎಡವುತ್ತದೆ, ಹೊಗೆಕೊಳವೆಯ ನಾಕ್ಸ್‌ನ ದೊಡ್ಡ ಪಾಲು ಹೊರಬೀಳುವುದೂ ಆಗಲೇ.