ಬಡ್ಡಿ ಬದ್ಲು ಸ್ಕೂಲಿಗೆ ಬರೋ ಹುಡ್ಗೀರು

ಪ್ರಶ್ನೆ: ಅಕ್ಕಾ, ನಾನು ತುಮಕೂರಲ್ಲಿ ಹಾಸ್ಟೆಲಲ್ಲಿದ್ದು ಡಿಗ್ರಿ ಮುಗಿಸ್ದೆ, ಈಗ ಕೆಲ್ಸಕ್ಕೆ ಹೋಗ್ತಿದೀನಿ. ಆಫ್ರಿಕಾದಲ್ಲಿ ಬಡ ಹೆಣ್ಮಕ್ಳನ್ನ ಓದಿಸೋ ಕ್ಯಾಮ್‌ಫೆಡ್ ಅನ್ನೋ ಸಂಸ್ಥೆಗೆ ಸ್ವಲ್ಪ ದುಡ್ಡು ಕಳ್ಸೋಣ ಅಂದ್ರೆ ನಮ್ಮಪ್ಪ "ನಮ್ಮೂರ್ ಮಕ್ಳಿಗೇ ದಿಕ್ಕಿಲ್ಲ, ಅಲ್ಲೆಲ್ಲೋ ಇರೋರ್ಗೆ ಯಾಕಮ್ಮ" ಅಂತಾರೆ. ಏನ್ ಮಾಡ್ಲಿ?
– ಒಬ್ಬ ಓದುಗಿ, ಮಧುಗಿರಿ ತಾಲ್ಲೂಕು

ಉತ್ತರ: ನಿಮ್ಮಪ್ಪ ಹೇಳಿದ್ರಲ್ಲಿ ತಪ್ಪೇನಿಲ್ಲಮ್ಮ, ಆದ್ರೆ ಆ ಸಂಸ್ಥೆ ಹೇಗೆ ಶುರುವಾಯ್ತು ಅಂತ ಅವ್ರಿಗೆ ಒಂದ್ಸಲ ಹೇಳ್ನೋಡು. 1991ರಲ್ಲಿ ಬ್ರಿಟನ್ನಿನ ಆನ್ ಕಾಟನ್ ಅನ್ನೋರು ಜಿಂಬಾಬ್ವೆಯ ಮೋಲಾ ಅನ್ನೋ ಊರಿಗೆ ಹೋಗಿದ್ರು, ಹೆಣ್ಮಕ್ಳು ಯಾಕೆ ಸ್ಕೂಲ್ ಬಿಡ್ತಾರೆ ಅಂತ ತಿಳ್ಕೊಳೋಕೆ. ಅಲ್ಲಿನೋರ ಸಂಪ್ರದಾಯಾನೇ ಹಂಗೆ, ಹುಡ್ಗೀರು ಓದೋದು ಮನೆಯೋರಿಗೆ ಇಷ್ಟ ಇಲ್ಲ ಅನ್ನೋ ಮಾತಿತ್ತು. ಹೋಗಿ ಕೇಳಿದ್ರೆ ಅಪ್ಪ ಅಮ್ಮಂಗೆ ಆಸೆ ಇದ್ದೇ ಇತ್ತು, ಇಲ್ದೇ ಇದ್ದಿದ್ದು ಫೀಸಿಗೆ ದುಡ್ಡು, ಒಬ್ರನ್ನ ಮಾತ್ರ ಓದಿಸೋಕಾಗೋದು ಅಂದ್ರೆ ಮುಂದೆ ಸಂಬಳದ ಕೆಲ್ಸ ಸಿಗೋದು ಗಂಡ್ಮಗಂಗೇ ಅಂತ ಅವನ್ನ ಕಳಿಸ್ತಿದ್ರು. ಈ ಲೆಕ್ಕ ನಮ್ಮ ಪಾವಗಡ, ಶಿರಾ ಕಡೆ ಯಾರಿಗೆ ಗೊತ್ತಿಲ್ಲ ಹೇಳು.

1993ರಲ್ಲಿ 32 ಹುಡ್ಗೀರ್ನ ಓದಿಸೋದ್ರಿಂದ ಸಂಸ್ಥೆ ಶುರುವಾಯ್ತು. ಈಗ ಜಾಂಬಿಯಾ, ಘಾನಾ, ತಾಂಜಾನಿಯಾ, ಮಲಾವಿಲೂ ಇದೆ. ಆ ಮೊದಲ ಬ್ಯಾಚಲ್ಲಿ ಓದಿದ ಆಂಜಲೀನ್ ಮುರಿಮಿರ್ವಾ ಮುಂದೆ ಇಡೀ ಸಂಸ್ಥೆಗೇ ಮುಖ್ಯಸ್ಥೆ ಆದ್ರು!

ಆದ್ರೆ ನಂಗೆ ತುಂಬಾ ಹಿಡಿಸಿದ್ದು ಬೇರೆ. ಓದಿ ಮುಗಿಸಿದ ಹುಡ್ಗೀರು 1998ರಲ್ಲಿ ತಮ್ಮದೇ ಸಂಘ ಕಟ್ಕೊಂಡ್ರು, ಅವ್ರಲ್ಲಿ ಎಷ್ಟೋ ಜನ ತಮ್ಮೂರ ಸ್ಕೂಲಿಗೇ ವಾಪಸ್ ಹೋಗಿ ಚಿಕ್ಕ ಹುಡ್ಗೀರ ಜೊತೆ ಕೂತು ಮಾತಾಡ್ತಾರೆ, ಧೈರ್ಯ ಹೇಳ್ತಾರೆ, ಯಾರಾದ್ರೂ ಸ್ಕೂಲ್ ಬಿಟ್ರೆ ಮನೆಗೇ ಹೋಗಿ ಕರ್ಕೊಂಡ್ ಬರ್ತಾರೆ. ಹಿಂಗೆ ಮಾಡೋರು ಅಂಗಡಿ ಗಿಂಗಡಿ ಇಟ್ಕೊಳ್ಳೋಕೆ ಸಾಲ ತಗೊಂಡ್ರೆ ಬಡ್ಡಿ ಕಟ್ಟೋ ಹಾಗಿಲ್ಲ, ಸ್ಕೂಲಲ್ಲಿ ಕೊಡೋ ಟೈಮೇ ಬಡ್ಡಿ. ವಾರವಾರ ಸಂಘದ ಕಂತು ಕಟ್ಟೋಕೆ ಒದ್ದಾಡೋ ನಮ್ಮ ಹೆಂಗಸ್ರಿಗೆ ಇದನ್ನ ಹೇಳಿದ್ರೆ ಥಟ್ಟಂತ ಅರ್ಥ ಆಗುತ್ತೆ. ಸಿದ್ಧಗಂಗೆ ಮಠದಲ್ಲಿ ಉಂಡು ಓದಿದೋರು ಇವತ್ತಿಗೂ ರಾಗಿನೋ ಅಕ್ಕಿನೋ ಕೊಟ್ಟು ಬರ್ತಾರಲ್ಲ, ಅದೇ ಮನಸ್ಸು ಇದು.

ಅದಕ್ಕೇ ದುಡ್ಡು ಕಳ್ಸು, ನಿನ್ನ ದುಡಿಮೆ ಅದು, ಸ್ವಲ್ಪಾನೇ ಆದ್ರೂ ಪರ್ವಾಗಿಲ್ಲ. ಜೊತೆಗೆ ತಿಂಗಳಿಗೊಂದು ಭಾನುವಾರ ನೀನಿದ್ದ ಹಾಸ್ಟೆಲಿಗೂ ಹೋಗ್ಬಾ, ಅಪ್ಪನ ಮಾತಿಗೆ ಅದೇ ಉತ್ತರ. ಯಾವ ಕೋರ್ಸ್ ತಗೋಬೇಕು, ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ಹಾಕ್ಬೇಕು, ಮನೇಲಿ ಮದ್ವೆ ಅಂದ್ರೆ ಏನ್ ಹೇಳ್ಬೇಕು, ಇದನ್ನೆಲ್ಲ ಆ ಮಕ್ಳು ಟೀಚರ್ ಹತ್ರ ಕೇಳಲ್ಲ, ನಿನ್ನ ಹತ್ರ ಕೇಳ್ತಾರೆ. ವಾರ್ಡನ್ ಪರ್ಮಿಷನ್ ಮೊದ್ಲೇ ತಗೋ, ಜನವರಿ ಒಳಗೇ ಹೋಗೋಕೆ ನೋಡು, ಆಮೇಲೆ ಪಿಯುಸಿ ಮಕ್ಳು ಪರೀಕ್ಷೆ ಓದಲ್ಲಿ ಮುಳುಗೋಗಿರ್ತಾರೆ.