ಮಂಜುಗಡ್ಡೆಯ ಮೇಲೆ ಬ್ಯಾಸ್ಕೆಟ್‌ಬಾಲ್

ಪ್ರಶ್ನೆ: ಅಮೆರಿಕದ ದೊಡ್ಡ ನಗರಗಳಲ್ಲಿ ಐಸ್ ಹಾಕಿ, ಬ್ಯಾಸ್ಕೆಟ್‌ಬಾಲ್ ಮತ್ತು ಸಂಗೀತ ಕಾರ್ಯಕ್ರಮಗಳು ಒಂದೇ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯುತ್ತವೆ ಎಂದು ಓದಿದ್ದೇನೆ. ಪ್ರತಿ ಸಲವೂ ಮಂಜುಗಡ್ಡೆಯನ್ನು ಕರಗಿಸಿ ಮತ್ತೆ ಹೆಪ್ಪುಗಟ್ಟಿಸುತ್ತಾರೆಯೇ? ಈ ಮೂರಕ್ಕೂ ಒಂದೇ ಕಟ್ಟಡ ಹೊಂದುವುದು ಹೇಗೆ?

ಉತ್ತರ: ಹಾಕಿ ಋತು ನಡೆಯುತ್ತಿರುವಾಗ ಸಾಮಾನ್ಯವಾಗಿ ಮಂಜುಗಡ್ಡೆಯನ್ನು ಕರಗಿಸುವುದಿಲ್ಲ. ಕಾಂಕ್ರೀಟ್ ನೆಲದೊಳಗೆ ಹುದುಗಿಸಿದ ಕೊಳವೆಗಳಲ್ಲಿ ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಉಪ್ಪುನೀರು ಅಥವಾ ಗ್ಲೈಕಾಲ್ (ಸುಲಭವಾಗಿ ಹೆಪ್ಪುಗಟ್ಟದ ದ್ರವ) ದ್ರಾವಣ ಸದಾ ಹರಿಯುತ್ತಿರುತ್ತದೆ. ಅದರ ಮೇಲಿನ ಮಂಜುಗಡ್ಡೆಯ ದಪ್ಪ ಸುಮಾರು ಒಂದು ಅಂಗುಲವಷ್ಟೇ. ಬ್ಯಾಸ್ಕೆಟ್‌ಬಾಲ್ ಪಂದ್ಯವಿದ್ದಾಗ ಶಾಖ ತಡೆಯುವ ಹಲಗೆಗಳನ್ನು ಮಂಜುಗಡ್ಡೆಯ ಮೇಲೆ ಹಾಸಿ, ಅವುಗಳ ಮೇಲೆ ಮೇಪಲ್ ಮರದ ಅಂಕಣವನ್ನು ತುಂಡು ತುಂಡಾಗಿ ಜೋಡಿಸುತ್ತಾರೆ. ಲಾಸ್ ಏಂಜಲೀಸ್‌ನ ಸ್ಟೇಪಲ್ಸ್ ಸೆಂಟರ್‌ನಲ್ಲಿ (ಈಗ ಅದರ ಹೆಸರು ಕ್ರಿಪ್ಟೋ ಡಾಟ್ ಕಾಮ್ ಅರೀನಾ) 2012ರ ಮೇ ತಿಂಗಳಲ್ಲಿ ನಾಲ್ಕು ದಿನಗಳಲ್ಲಿ ಆರು ಪ್ಲೇಆಫ್ ಪಂದ್ಯಗಳು ನಡೆದವು. ಕೊನೆಯ ದಿನ ಮಧ್ಯಾಹ್ನ ಹಾಕಿ ಮುಗಿಯುತ್ತಿದ್ದಂತೆಯೇ ಕೆಲಸಗಾರರು ನೆಲ ಬದಲಿಸಿ, ಸಂಜೆಯ ಬ್ಯಾಸ್ಕೆಟ್‌ಬಾಲ್‌ಗೆ ಅಂಕಣ ಸಿದ್ಧಪಡಿಸಿದರು. ಇಂತಹ ಸಂದರ್ಭದಲ್ಲಿ ನಿಜವಾದ ತೊಂದರೆ ಕೊಡುವುದು ಹೊರಗಿನ ತೇವ. ಬೆಚ್ಚಗಿನ ಗಾಳಿಯ ತೇವಾಂಶ ತಣ್ಣನೆಯ ನೆಲದ ಮೇಲೆ ಹನಿಗಟ್ಟಿದರೆ ಆಟಗಾರರು ಜಾರುತ್ತಾರಾದ್ದರಿಂದ, ಒಳಗಿನ ಗಾಳಿಯನ್ನು ಒಣದಾಗಿಡುವ ಯಂತ್ರಗಳಿಗೆ ಹೆಚ್ಚಿನ ಮಹತ್ವವಿದೆ.

ಮೂರಕ್ಕೂ ಸಮನಾಗಿ ಹೊಂದುವ ಕಟ್ಟಡ ಇಲ್ಲವೆಂದೇ ನನ್ನ ಅಭಿಪ್ರಾಯ. ಅಮೆರಿಕದ ವೃತ್ತಿಪರ ಹಾಕಿಯ ಅಂಕಣ 200 ಅಡಿ ಉದ್ದ, 85 ಅಡಿ ಅಗಲವಿದ್ದರೆ, ಬ್ಯಾಸ್ಕೆಟ್‌ಬಾಲ್ ಅಂಕಣ 94 ಅಡಿ ಉದ್ದ, 50 ಅಡಿ ಅಗಲವಷ್ಟೇ ಇರುತ್ತದೆ. ಹಾಕಿಗೆಂದು ಸ್ಥಿರ ಆಸನಗಳನ್ನು ಹಿಂದಕ್ಕಿಟ್ಟರೆ ಬ್ಯಾಸ್ಕೆಟ್‌ಬಾಲ್ ನೋಡುವವರು ದೂರವಾಗುತ್ತಾರೆ. ಆ ಅಂತರವನ್ನು ಬೇಕಾದಾಗ ಮುಂದಕ್ಕೆಳೆದು, ಬೇಡವಾದಾಗ ಹಿಂದಕ್ಕೆ ತಳ್ಳಬಹುದಾದ ಆಸನಸಾಲುಗಳಿಂದ ಒಂದಿಷ್ಟು ತುಂಬಿಸಬಹುದು. ಇದಕ್ಕೆ ವಿರುದ್ಧವಾಗಿ, ಬ್ಯಾಸ್ಕೆಟ್‌ಬಾಲ್ ಅನ್ನು ಮುಖ್ಯವಾಗಿಟ್ಟುಕೊಂಡು ಕಟ್ಟಿದ ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ಗೆ 2015ರಲ್ಲಿ ಐಲ್ಯಾಂಡರ್ಸ್ ಹಾಕಿ ತಂಡ ಬಂದಾಗ, ಮಂಜಿನ ಅಂಕಣವನ್ನು ಒಂದು ಬದಿಗೆ ಸರಿಸಿ ಕೂರಿಸಬೇಕಾಯಿತು. ಮೇಲೆ ತೂಗುವ ಸ್ಕೋರ್‌ಬೋರ್ಡ್ ಅಂಕಣದ ನಡುವಿಗೆ ಬರಲಿಲ್ಲ, ಎಷ್ಟೋ ಆಸನಗಳಿಂದ ಒಂದು ಗೋಲು ಸರಿಯಾಗಿ ಕಾಣುತ್ತಿರಲಿಲ್ಲ. ತಂಡ ಅಲ್ಲಿ ಹೆಚ್ಚು ಕಾಲ ನಿಲ್ಲದೆ, 2021ರಲ್ಲಿ ಹಾಕಿಗೆ ಆದ್ಯತೆ ಕೊಟ್ಟು ಕಟ್ಟಿದ ಬೇರೆ ಅರೀನಾ ಸೇರಿತು.

ನಗರದ ನಡುವೆ ಕಟ್ಟುವಾಗ ಜಾಗದ ಇಕ್ಕಟ್ಟೂ ಸೇರಿಕೊಳ್ಳುತ್ತದೆ. 1968ರಲ್ಲಿ ತೆರೆದ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪೆನ್ ರೈಲು ನಿಲ್ದಾಣದ ಮೇಲೆಯೇ ನಿಂತಿರುವುದರಿಂದ, ಅಲ್ಲಿ ಆಟದ ನೆಲವೇ ಬೀದಿಯಿಂದ ಹಲವು ಮಹಡಿ ಮೇಲಿದೆ. ಪ್ರೇಕ್ಷಕರಿಗೆ ರೈಲು ಕಾಲ ಬುಡದಲ್ಲೇ ಸಿಗುತ್ತದೆ, ಸಾಮಾನು ಸಾಗಿಸುವವರು ಮಾತ್ರ ಎಲ್ಲವನ್ನೂ ಮೇಲಕ್ಕೇರಿಸಬೇಕು.

ಸಂಗೀತಕ್ಕೆ ಬೇಕಾದದ್ದು ನೆಲಕ್ಕಿಂತ ಹೆಚ್ಚಾಗಿ ಚಾವಣಿ. ಧ್ವನಿವರ್ಧಕ, ದೀಪ, ಪರದೆಗಳ ಹಲವಾರು ಟನ್ ಭಾರವನ್ನು ಚಾವಣಿಯ ಉಕ್ಕಿನ ಚೌಕಟ್ಟಿನಿಂದಲೇ ತೂಗುಹಾಕಬೇಕಾಗುತ್ತದೆ. ಆದರೆ ಇಷ್ಟು ವಿಶಾಲವಾದ, ಗಟ್ಟಿ ಗೋಡೆಗಳ ಆವರಣದಲ್ಲಿ ಸದ್ದು ಬಹಳ ಹೊತ್ತು ಮೊಳಗುತ್ತಿರುತ್ತದೆ. ಹಾಕಿ ಅಭಿಮಾನಿಗಳಿಗೆ ಆ ಗದ್ದಲ ಪ್ರಿಯವಾದರೂ ಹಾಡಿನ ಸಾಹಿತ್ಯ ಅದರಲ್ಲಿ ಕಲಸಿಹೋಗುತ್ತದೆಯಾದ್ದರಿಂದ, ಚಾವಣಿಯಲ್ಲಿ ಧ್ವನಿ ಹೀರುವ ಹಲಗೆಗಳನ್ನು ಕೂರಿಸಿ, ಧ್ವನಿವರ್ಧಕಗಳನ್ನು ಗೋಡೆಯತ್ತ ತಿರುಗಿಸದೆ ಆಸನಗಳತ್ತಲೇ ಬಾಗಿಸಿ ಕಟ್ಟುತ್ತಾರೆ.