ಸಮುದ್ರದ ನೀರು ತನ್ನಿ, ಹವಳ ಅಲ್ಲೇ ಇರಲಿ

ಓದುಗರ ಪತ್ರ: ನಮ್ಮ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು 200 ಲೀಟರಿನ ಗಾಜಿನ ತೊಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಹವಳದ ದಿಬ್ಬ ಮಾಡಬೇಕು ಅನ್ನುವುದು ಮಕ್ಕಳ ಆಸೆ. ಅಂಗಡಿಯವರು ಪ್ಯಾಕೆಟ್ ಉಪ್ಪು, ಪ್ಯಾಕೆಟ್ ಮರಳು, ಹೊರದೇಶದ ಕಲ್ಲು ಅಂತ ದೊಡ್ಡ ಪಟ್ಟಿ ಕೊಟ್ಟರು. ಶಾಲೆಯಿಂದ ಸಮುದ್ರ ಕೂಗಳತೆ ದೂರ. ನೀರು, ಮರಳು, ಕಲ್ಲು ಅಲ್ಲಿಂದಲೇ ತಂದರೆ ಆಗದೇ? ಪರಿಚಯದ ಡೈವಿಂಗ್ ಹುಡುಗರು ನೇತ್ರಾಣಿ ದ್ವೀಪದಿಂದ ನಾಲ್ಕು ತುಂಡು ಹವಳ ತಂದುಕೊಡುತ್ತೇವೆ ಅನ್ನುತ್ತಾರೆ. ನೀರು ಆಗದಿದ್ದರೆ ಸಾಣಿಕಟ್ಟಾ ಆಗರದ ಉಪ್ಪು ಕರಗಿಸಬಹುದೇ? — ವಿಜ್ಞಾನ ಶಿಕ್ಷಕ, ಕುಮಟಾ ತಾಲ್ಲೂಕು

ಸಂಪಾದಕರ ಉತ್ತರ:

ಪ್ರೀತಿಯ ಮಾಸ್ತರರೇ,

ಮೊದಲು ಉತ್ತರ ಹೇಳಿಬಿಡುತ್ತೇನೆ. ನೀರು ಸಮುದ್ರದ್ದೇ ಇರಲಿ, ಬಹಳ ಒಳ್ಳೆಯದು. ಮರಳು ಒಂದು ಬೊಗಸೆ ಸಾಕು. ಕಲ್ಲು ನೀವೇ ಮಾಡಿಕೊಳ್ಳಬಹುದು. ಹವಳ ಮಾತ್ರ ಬೇಡ. ಜೀವ ಇರುವುದೂ ಬೇಡ, ಸತ್ತು ಬೆಳ್ಳಗಾದ ತುಂಡೂ ಬೇಡ.

ಸಮುದ್ರದಿಂದಲೇ ಎಲ್ಲ ತರಬೇಕು ಅನ್ನುವ ನಿಮ್ಮ ಯೋಚನೆ ತಪ್ಪಲ್ಲ. ತೊಟ್ಟಿಯಲ್ಲಿ ಹವಳ ಸಾಕುವ ಹವ್ಯಾಸ ಶುರುವಾದದ್ದೇ ಹಾಗೆ. ಜಕಾರ್ತಾದಲ್ಲಿ ಲೀ ಚಿನ್ ಎಂಗ್ ಅನ್ನುವವರು ಸಮುದ್ರದ ನೀರು, ದಿಬ್ಬದ ಕಲ್ಲು, ಬಿಸಿಲು, ಒಂದಿಷ್ಟು ಗಾಳಿಗುಳ್ಳೆ ಇಷ್ಟರಲ್ಲೇ ಹವಳ ಮತ್ತು ಮೀನು ಸಾಕುತ್ತಿದ್ದರು. 1961ರಲ್ಲಿ ಆ ವಿಧಾನವನ್ನು ಬರೆದು ಪ್ರಕಟಿಸಿದರು. ಅವರ ಯಶಸ್ಸಿನ ಗುಟ್ಟು ಕಲ್ಲಿನಲ್ಲಿತ್ತು. ಮೀನಿನ ಹೇಲು, ಉಳಿದ ಆಹಾರ ಕೊಳೆತಾಗ ಅಮೋನಿಯಾ ಬರುತ್ತದೆ. ಅದು ವಿಷ. ಕಲ್ಲಿನ ಮೇಲ್ಮೈಯಲ್ಲಿರುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಕಲ್ಲಿನ ಒಳಗೆ, ಆಮ್ಲಜನಕ ಮುಟ್ಟದ ಸಣ್ಣ ಸಣ್ಣ ತೂತುಗಳಲ್ಲಿ, ಬೇರೆಯೇ ಬ್ಯಾಕ್ಟೀರಿಯಾ ಕೂತಿರುತ್ತವೆ. ಅವು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಹೊರಗೆ ಬಿಡುತ್ತವೆ. ಹಾಗಾಗಿ ಕಲ್ಲೇ ತೊಟ್ಟಿಯ ಫಿಲ್ಟರ್. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಇದಕ್ಕೆ ನೀರಿನ ಕೊಳೆಯನ್ನು ನೊರೆಯ ಜೊತೆ ತೆಗೆಯುವ ಯಂತ್ರ ಸೇರಿಸಿದರು. ಮೊನಾಕೋದಲ್ಲಿ ಜಾನ್ ಜೋಬೇರ್ ಅನ್ನುವ ವಿಜ್ಞಾನಿ ಇದೇ ಕೆಲಸವನ್ನು ದಪ್ಪ ಮರಳಿನ ಪದರದಿಂದ ಮಾಡಿಸಿದರು.

ಹಾಗಾದರೆ ಹವಳ ಯಾಕೆ ಬೇಡ? ಮೊದಲನೆಯದು ಕಾನೂನು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂತೆ ಹರಡುವ ಸಮುದ್ರ ಬೀಸಣಿಗೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಅಂದರೆ ಹುಲಿ, ಆನೆ ಇರುವ ಪಟ್ಟಿಯಲ್ಲಿ. ಶಿಕ್ಷೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ಇಟ್ಟುಕೊಳ್ಳುವುದೂ ಅಪರಾಧವೇ. ಶಾಲೆಯ ತೊಟ್ಟಿ, ಮಕ್ಕಳ ಕಲಿಕೆ ಅಂದರೂ ಅನುಮತಿ ಇಲ್ಲದೆ ನಡೆಯುವುದಿಲ್ಲ. ಡೈವಿಂಗ್ ಹುಡುಗರಿಗೂ ಇದನ್ನು ದಯವಿಟ್ಟು ಹೇಳಿ, ಅವರ ಹೊಟ್ಟೆಪಾಡು ಆ ದಿಬ್ಬದ ಮೇಲೇ ನಿಂತಿದೆ ಅಲ್ವಾ.

ಕಾನೂನು ಇಲ್ಲದಿದ್ದರೂ ನಾನು ಬೇಡ ಅಂತಲೇ ಬರೆಯುತ್ತಿದ್ದೆ. ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗೆ ಇದೆ. ಹೊಳೆಗಳು ತರುವ ಕೆಸರು ಅಷ್ಟು ದೂರ ಜಾಸ್ತಿ ಮುಟ್ಟುವುದಿಲ್ಲ, ಅದಕ್ಕೇ ಅಲ್ಲಿ ಹವಳ ನಿಂತಿದೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಅಂಥ ಜಾಗ ಬೆರಳೆಣಿಕೆಯಷ್ಟು. ಗುಂಡಗೆ ಗುಡ್ಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ತೆಂಗಿನಕಾಯಿ ಗಾತ್ರದ ತುಂಡು ನಿಮ್ಮ ವಿದ್ಯಾರ್ಥಿಗಳಿಗಿಂತ ಹಿರಿದಾಗಿರಬಹುದು. ಅದನ್ನು ತಂದು ಕುಮಟಾದ ಸೆಕೆಯಲ್ಲಿ, ಫ್ಯಾನ್ ಕೆಳಗೆ, ಹೊಸ ತೊಟ್ಟಿಯಲ್ಲಿ ಇಟ್ಟರೆ ಕೆಲವೇ ವಾರಗಳಲ್ಲಿ ಸಾಯುವ ಸಾಧ್ಯತೆಯೇ ಹೆಚ್ಚು. ಸಮುದ್ರದ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆದದ್ದು ಅದೇ. ಆ ಪೆಟ್ಟು ತಿನ್ನುತ್ತಿರುವ ಜೀವಿಯನ್ನು ನಾವು ಕೈಯಾರೆ ಕಿತ್ತು ತರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಇನ್ನು ನೀರಿನ ವಿಷಯ. ಸಮುದ್ರ ಹತ್ತಿರ ಇದ್ದ ಮಾತ್ರಕ್ಕೆ ಎಲ್ಲ ದಿನದ ನೀರೂ ಒಂದೇ ಅಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರಬೇಕು. ಮಳೆಗಾಲದಲ್ಲಿ ಅಘನಾಶಿನಿ ತುಂಬಿ ಹರಿದಾಗ ತೀರದ ಹತ್ತಿರ ಅಷ್ಟು ಇರುವುದಿಲ್ಲ. ಕೆಸರು, ಗದ್ದೆಯ ಗೊಬ್ಬರ ಎಲ್ಲ ಅದರಲ್ಲಿ ಬರುತ್ತದೆ. ಡಿಸೆಂಬರಿನಿಂದ ಏಪ್ರಿಲ್ ನಡುವೆ ತನ್ನಿ. ಅಳಿವೆಯಿಂದ ದೂರ ಹೋಗಿ, ಉಬ್ಬರ ಏರುವ ಹೊತ್ತಿಗೆ ತುಂಬಿಸಿ. ಮೀನುಗಾರರ ದೋಣಿಯಲ್ಲಿ ಸ್ವಲ್ಪ ಒಳಗೆ ಹೋಗಿ ತುಂಬಿಸಿಕೊಂಡರೆ ಇನ್ನೂ ಒಳ್ಳೆಯದು. ಬಂದರಿನ ನೀರು ಮಾತ್ರ ಖಂಡಿತ ಬೇಡ. ಡೀಸೆಲ್ ಒಂದು ಕಾರಣ. ಇನ್ನೊಂದು, ಬೋಟಿನ ತಳಕ್ಕೆ ಕಲ್ಲುಹುಳ ಅಂಟದಿರಲಿ ಅಂತ ಬಳಿಯುವ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ.

ಕ್ಯಾನ್‌ಗಳು ಕುಡಿಯುವ ನೀರಿನವೇ ಆಗಿರಲಿ, ಔಷಧಿಯದ್ದೋ ಆಸಿಡ್ಡಿನದ್ದೋ ತೊಳೆದರೂ ಬೇಡ. ತಂದ ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ, ಮುಚ್ಚಳ ಹಾಕಿ, ಕತ್ತಲೆ ಕೋಣೆಯಲ್ಲಿ ಎರಡು ಮೂರು ವಾರ ಇಡಿ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಬೆಳಕಿಲ್ಲದೆ ಸತ್ತು ತಳ ಸೇರುತ್ತವೆ. ಮೇಲಿನ ತಿಳಿಯನ್ನಷ್ಟೇ ಪೈಪಿನಿಂದ ತೆಗೆಯಿರಿ, ಒಂದು ದಿನ ಗಾಳಿ ಬಿಡಿ, ಆಮೇಲೆ ಉಪ್ಪು, ಪಿಎಚ್, ಅಮೋನಿಯಾ ಅಳೆಯಿರಿ. ಪಿಎಚ್ 8.1ರ ಆಸುಪಾಸು ಬರಬೇಕು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗಂತೂ ಹೊಳೆಯುವುದಿಲ್ಲ. ತೊಟ್ಟಿಯ ನೀರು ಆರಿದಾಗ ಮಾತ್ರ ಸಮುದ್ರದ ನೀರು ಸುರಿಯಬೇಡಿ. ಆರಿದ್ದು ಬರೀ ನೀರು, ಉಪ್ಪು ಅಲ್ಲೇ ಉಳಿದಿರುತ್ತದೆ. ಆ ಜಾಗಕ್ಕೆ ಸಿಹಿ ನೀರನ್ನೇ ಹಾಕಬೇಕು.

ಸಾಣಿಕಟ್ಟಾದ ಉಪ್ಪಿನ ಪ್ರಶ್ನೆ ನನಗೆ ತುಂಬ ಹಿಡಿಸಿತು. ಸಮುದ್ರದಿಂದ ಬಂದ ಉಪ್ಪನ್ನೇ ನೀರಿಗೆ ಹಾಕಿದರೆ ಸಮುದ್ರ ಯಾಕೆ ಆಗುವುದಿಲ್ಲ? ಉಪ್ಪಿನ ಆಗರದಲ್ಲಿ ನೀರು ಆರುತ್ತಾ ಹೋದಂತೆ ಎಲ್ಲ ಲವಣಗಳೂ ಒಟ್ಟಿಗೆ ಹರಳುಗಟ್ಟುವುದಿಲ್ಲ. ಮೊದಲು ಸುಣ್ಣದ ಅಂಶ ತಳ ಸೇರುತ್ತದೆ, ಆಮೇಲೆ ಜಿಪ್ಸಮ್, ಆಮೇಲೆ ಅಡುಗೆಯ ಉಪ್ಪು. ಮೆಗ್ನೀಸಿಯಮ್, ಪೊಟ್ಯಾಸಿಯಮ್ ಹೆಚ್ಚಾಗಿರುವ ಕಹಿ ನೀರು ಕೊನೆಗೆ ಉಳಿಯುತ್ತದೆ, ಅದನ್ನು ಹೊರಗೆ ಬಿಡುತ್ತಾರೆ. ನಮ್ಮ ಕೈಗೆ ಬರುವುದು ನಡುವಿನ ಪಾಲು. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಮ್, 400 ಮಿಲಿಗ್ರಾಮಿಗೂ ಸ್ವಲ್ಪ ಮೇಲೆ ಕ್ಯಾಲ್ಸಿಯಂ ಇರುತ್ತದೆ. ಅಡುಗೆ ಉಪ್ಪು ಕರಗಿಸಿದ ನೀರಿನಲ್ಲಿ ಇವೆರಡೂ ಇಲ್ಲ ಅನ್ನುವಷ್ಟು ಕಡಿಮೆ. ಮಕ್ಕಳನ್ನು ಒಮ್ಮೆ ಆಗರಕ್ಕೆ ಕರೆದುಕೊಂಡು ಹೋಗಿ. ಕೆಲಸ ಮಾಡುವವರೇ ಒಂದೊಂದು ಪಾತಿ ತೋರಿಸಿ ಹೇಳಿಕೊಡುತ್ತಾರೆ.

ಆದರೆ ಆ ಉಪ್ಪಿಗೆ ಬೇರೆ ಕೆಲಸ ಇದೆ. ಕಲ್ಲು ಮಾಡುವುದಕ್ಕೆ! ನಮ್ಮಲ್ಲಿ ಸುಲಭವಾಗಿ ಸಿಗುವ ಕೆಂಪು ಚಿರೆಕಲ್ಲಿನಲ್ಲಿ ಕಬ್ಬಿಣ ಜಾಸ್ತಿ, ಕರಿಕಲ್ಲಿಗೆ ತೂತೇ ಇಲ್ಲ. ಎರಡೂ ಈ ಕೆಲಸಕ್ಕೆ ಆಗುವುದಿಲ್ಲ. ತೀರದ ಬಂಡೆ ಒಡೆದು ತರುವುದಂತೂ ಬೇಡ. ಹಲವು ದೇಶಗಳ ಹವ್ಯಾಸಿಗಳು ಸಿಮೆಂಟಿನಲ್ಲಿ ಕಲ್ಲು ಮಾಡಿಕೊಳ್ಳುತ್ತಾರೆ. ಒಂದು ಪಾಲು ಸಿಮೆಂಟ್, ಮೂರು ನಾಲ್ಕು ಪಾಲು ಚಿಪ್ಪಿನ ಪುಡಿ, ಒಂದೆರಡು ಪಾಲು ಹರಳುಪ್ಪು. ಅಘನಾಶಿನಿಯ ಬಳಚಿನ ಚಿಪ್ಪು ನಿಮ್ಮಲ್ಲಿ ಅಡುಗೆಮನೆಯ ಹಿಂದೆಯೇ ಬಿದ್ದಿರುತ್ತದೆ. ಚೆನ್ನಾಗಿ ತೊಳೆದು, ಒಣಗಿಸಿ, ಒರಟಾಗಿ ಕುಟ್ಟಿಸಿ. ನೀರು ಆದಷ್ಟು ಕಡಿಮೆ ಹಾಕಿ ಗಟ್ಟಿಯಾಗಿ ಕಲಸಬೇಕು, ಇಲ್ಲದಿದ್ದರೆ ಉಪ್ಪು ಅಲ್ಲೇ ಕರಗಿಹೋಗುತ್ತದೆ. ಒದ್ದೆ ಮರಳಿನಲ್ಲಿ ಗುಂಡಿ ತೋಡಿ, ಅದರಲ್ಲಿ ತುಂಬಿ, ನಡುವೆ ಬೆರಳು ತೂರಿಸಿ ಗುಹೆ ಮಾಡಿ. ಗಟ್ಟಿಯಾದ ಮೇಲೆ ಸಿಹಿ ನೀರಿನಲ್ಲಿ ಮುಳುಗಿಸಿ. ಉಪ್ಪು ಕರಗಿ ಹೊರಗೆ ಬರುತ್ತದೆ, ಅದು ಇದ್ದ ಜಾಗವೆಲ್ಲ ತೂತಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದ್ದು ಅದೇ ತೂತು.

ಇಲ್ಲಿ ತಾಳ್ಮೆ ಬೇಕು. ಹೊಸ ಸಿಮೆಂಟ್ ನೀರಿನ ಪಿಎಚ್ ಅನ್ನು 12ರ ಹತ್ತಿರ ಏರಿಸುತ್ತದೆ. ಕೆಲವು ದಿನಕ್ಕೊಮ್ಮೆ ನೀರು ಬದಲಿಸುತ್ತಾ ಒಂದೂವರೆ ಎರಡು ತಿಂಗಳು ನೆನೆಸಿ, ಪಿಎಚ್ 8.5ಕ್ಕಿಂತ ಕೆಳಗೆ ಬಂದು ನಿಂತ ಮೇಲೆ ಮಾತ್ರ ತೊಟ್ಟಿಗೆ ಇಡಿ. ನಮ್ಮ ಮಳೆಗಾಲ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಲಸುವಾಗ ಮಕ್ಕಳ ಕೈಗೆ ರಬ್ಬರ್ ಗ್ಲೌಸ್ ಇರಲೇಬೇಕು. ಸಿಮೆಂಟ್ ಚರ್ಮವನ್ನು ಸುಡುತ್ತದೆ.

ಕಲ್ಲು ಸಿದ್ಧವಾದಾಗ ಅದರಲ್ಲಿ ಜೀವ ಇರುವುದಿಲ್ಲ. ಆಗ ಬೇಕು ಆ ಒಂದು ಬೊಗಸೆ ಮರಳು. ಇಳಿತದಲ್ಲಿ, ಶುದ್ಧವಾದ ಜಾಗದಿಂದ, ಒದ್ದೆ ಮರಳು ತಂದು ಹರಡಿ. ಬ್ಯಾಕ್ಟೀರಿಯಾ, ಸಣ್ಣ ಹುಳಗಳು ಅದರಲ್ಲೇ ಬರುತ್ತವೆ. ಮೂಟೆಗಟ್ಟಲೆ ತೆಗೆಯಲು ಕರಾವಳಿ ನಿಯಂತ್ರಣ ವಲಯದ ನಿಯಮ ಬಿಡುವುದಿಲ್ಲ, ಬೇಕಾಗಿಯೂ ಇಲ್ಲ. ತಳಕ್ಕೆ ಚಿಪ್ಪಿನ ಪುಡಿಯನ್ನೇ ಹಾಕಿ. ಒಂದು ಚೂರು ಸಿಗಡಿ ಹಾಕಿ ಕೊಳೆಯಲು ಬಿಡಿ. ಅಮೋನಿಯಾ ಏರುತ್ತದೆ, ಇಳಿಯುತ್ತದೆ, ನೈಟ್ರೈಟ್ ಏರುತ್ತದೆ, ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದ ದಿನ ತೊಟ್ಟಿ ತಯಾರು. ಇದಕ್ಕೆ ಒಂದೂವರೆ ತಿಂಗಳಾದರೂ ಹಿಡಿಯಬಹುದು. ಅಲ್ಲಿಯವರೆಗೆ ಮೀನು ಬಿಡಿ ಅಂತ ಮಕ್ಕಳು ಎಷ್ಟೇ ಕಾಡಿದರೂ ಬಿಡಬೇಡಿ.

ಸೆಕೆಯ ಬಗ್ಗೆ ಒಂದು ಮಾತು. ನೀರಿನ ಮೇಲೆ ಫ್ಯಾನ್ ಹಾಕಿದರೆ ತಂಪಾಗುತ್ತದೆ ಅಂತ ಬೆಂಗಳೂರಿನವರು ಹೇಳುತ್ತಾರೆ. ಅಲ್ಲಿ ಅದು ನಡೆಯುತ್ತದೆ. ಕರಾವಳಿಯ ಗಾಳಿಯಲ್ಲೇ ತೇವ ತುಂಬಿರುವುದರಿಂದ ನೀರು ಬೇಗ ಆರುವುದಿಲ್ಲ, ಅಷ್ಟಾಗಿ ತಂಪೂ ಆಗುವುದಿಲ್ಲ. ತೊಟ್ಟಿಯನ್ನು ಹೆಂಚಿನ ಮಾಡಿನ ಕೆಳಗೆ, ಬಿಸಿಲು ಬೀಳದ ಮೂಲೆಯಲ್ಲಿ ಇಡಿ. ಕರೆಂಟ್ ಹೋದಾಗ ಓಡುವ ಬ್ಯಾಟರಿ ಗಾಳಿಪಂಪ್ ಒಂದನ್ನು ಮೊದಲ ದಿನವೇ ಕೊಳ್ಳಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನು ಜಾಸ್ತಿ ಹೊತ್ತು ತಡೆಯುವುದಿಲ್ಲ.

ಹಾಗಾದರೆ ತೊಟ್ಟಿಯಲ್ಲಿ ಏನಿರಬೇಕು? ನಿಮ್ಮ ಊರಿನ ಬಂಡೆಗಳ ಸಂದಿಯಲ್ಲಿ ಇಳಿತದ ಹೊತ್ತಿಗೆ ನೀರು ನಿಲ್ಲುವ ಗುಂಡಿಗಳಿವೆಯಲ್ಲ, ಅವನ್ನು ನೋಡಿ. ಹಸಿರು ಪಾಚಿ, ಅದನ್ನು ಮೇಯುವ ಬಸವನಹುಳು, ಖಾಲಿ ಚಿಪ್ಪು ಹೊತ್ತು ತಿರುಗುವ ಏಡಿ, ಸಣ್ಣ ಸಿಗಡಿ. ಈ ಜೀವಿಗಳು ಸೆಕೆ, ಉಪ್ಪಿನ ಏರಿಳಿತ ಎಲ್ಲಕ್ಕೂ ಹವಳಕ್ಕಿಂತ ಚೆನ್ನಾಗಿ ಒಗ್ಗಿಕೊಂಡಿವೆ. ನಾಲ್ಕೈದು ತಂದರೆ ಸಾಕು. ಪಾಚಿ ನೈಟ್ರೇಟ್ ಹೀರುತ್ತದೆ, ಆದ್ದರಿಂದ ಅದನ್ನು ಅಲಂಕಾರ ಅಂತ ತಿಳಿಯಬೇಡಿ. ಶಂಕುವಿನಾಕಾರದ ಚಿಪ್ಪಿನ ಬಸವನಹುಳುವನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ, ಅದರ ಚುಚ್ಚು ವಿಷದ್ದು. ಸಮುದ್ರದಿಂದ ತಂದ ಯಾವ ಕಲ್ಲನ್ನೂ ಕುದಿಸಲೂಬಾರದು. ಗುಂಡಿಗಳಲ್ಲಿ ಬೆಳೆಯುವ ಅಂಗಿಯ ಗುಂಡಿಯಂತೆ ಕಾಣುವ ಕೆಲವು ಮೆತ್ತನೆಯ ಜೀವಿಗಳ ವಿಷ ಹಬೆಯಲ್ಲಿ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. ಬಲೆಗೆ ಬಿದ್ದ ಕಡಲಕುದುರೆ, ಕಡಲಸೌತೆ ಯಾರಾದರೂ ತಂದುಕೊಟ್ಟರೆ ಬೇಡ ಅನ್ನಿ. ಅವಕ್ಕೂ ಅದೇ ಕಾಯ್ದೆಯ ರಕ್ಷಣೆ ಇದೆ.

ಬಣ್ಣದ ಮೀನು ಬೇಕೇ ಬೇಕು ಅಂದರೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನಿನ ಜೋಡಿ ಸಾಕು. ಅದಕ್ಕೆ ಹವಳವೂ ಬೇಡ, ಸಮುದ್ರದಲ್ಲಿ ಅದು ಆಸರೆ ಪಡೆಯುವ ಅನಿಮೋನ್ ಅನ್ನುವ ಮೆತ್ತನೆಯ ಜೀವಿಯೂ ಬೇಡ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಈ ಮೀನುಗಳನ್ನು ಮರಿ ಮಾಡಿಸುವ ವಿಧಾನ ರೂಪಿಸಿದೆ. ಅವರ ಕೇಂದ್ರ ಕಾರವಾರದಲ್ಲೇ ಇದೆ. ಅಲ್ಲಿನ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವೂ ಇದೆ. ಮಕ್ಕಳ ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಂಡು ಒಮ್ಮೆ ಹೋಗಿಬನ್ನಿ.

ಅಂಗಡಿಯ ಮೀನು ಒಂದು ಸಲ ತೊಟ್ಟಿಗೆ ಬಂತು ಅಂದರೆ, ಆ ತೊಟ್ಟಿಯಿಂದ ನೀರಾಗಲೀ ಪಾಚಿಯಾಗಲೀ ಏಡಿಯಾಗಲೀ ಸಮುದ್ರಕ್ಕೆ ವಾಪಸ್ ಹೋಗಬಾರದು. 1984ರಲ್ಲಿ ಮೊನಾಕೋದ ಸಾಗರ ಸಂಗ್ರಹಾಲಯದ ಕೆಳಗಿನ ಸಮುದ್ರದಲ್ಲಿ ಅಕ್ವೇರಿಯಂ ಪಾಚಿಯೊಂದು ಕಾಣಿಸಿಕೊಂಡಿತು. ಆಗ ಅದು ಒಂದು ಚದರ ಮೀಟರಿನಷ್ಟು ಇತ್ತು. ಮುಂದಿನ ವರ್ಷಗಳಲ್ಲಿ ಮೆಡಿಟರೇನಿಯನ್ ತಳದಲ್ಲಿ ಸಾವಿರಾರು ಹೆಕ್ಟೇರ್ ಹಬ್ಬಿತು. ಹಾಗಾಗಿ ಬದಲಿಸಿದ ನೀರನ್ನು ಶಾಲೆಯ ಶೌಚಾಲಯಕ್ಕೆ ಸುರಿಯಿರಿ, ಹೊಳೆಗೆ ಬೇಡ. ತೊಟ್ಟಿ ನಿಲ್ಲಿಸುವ ಕಾಲ ಬಂದರೆ ಜೀವಿಗಳನ್ನು ಇನ್ನೊಬ್ಬ ಸಾಕುವವರಿಗೆ ಕೊಡಿ.

ಈ ಮಳೆಗಾಲದಲ್ಲಿ ಕಲ್ಲು ಮಾಡಿಸಿ ನೆನೆಹಾಕಿ. ಡಿಸೆಂಬರಿನಲ್ಲಿ ನೀರು ತನ್ನಿ. ಮಕ್ಕಳು ಬರೆದಿಟ್ಟ ಅಮೋನಿಯಾ, ನೈಟ್ರೈಟ್ ಅಳತೆಗಳನ್ನು ತಾರೀಕಿನ ಸಮೇತ ನಮಗೆ ಕಳಿಸಿ. ಅವರವರ ಕೈಬರಹದಲ್ಲೇ ಪ್ರಕಟಿಸುತ್ತೇವೆ.

— ಸಂಪಾದಕ